ಗುಲಾಬಿ ಅಂಟಿಸಿದ ಪುಟ

ಫೋಟೋಗ್ರಾಫರ್ ಫಕ್ರುದ್ದೀನರು ಕಟ್ಟಿಕೊಟ್ಟ ಯಾವ ಮದುವೆ ಆಲ್ಬಮ್ ಬೇಕಾದರೂ ತೆರೆದು ನೋಡಿ, ನಡುವಿನ ಒಂದು ಪುಟದಲ್ಲಿ ಮನುಷ್ಯರೇ ಇರುವುದಿಲ್ಲ. ಇಡೀ ಪುಟಕ್ಕೆ ಒಂದು ಕೆಂಪು ಗುಲಾಬಿ. ಎಲ್ಲ ಆಲ್ಬಮ್ಮಿನಲ್ಲೂ ಅದೇ ಹೂವು, ಅದೇ ಎರಡು ಎಲೆ, ಎಲೆಯ ತುದಿಗೆ ಅದೇ ನೀರಿನ ಹನಿ. ಫಕ್ರುದ್ದೀನರ ಮೀಸೆ ಇನ್ನೂ ಕಪ್ಪಗಿದ್ದ ಕಾಲದಲ್ಲಿ, ನಿಪ್ಪಾಣಿಯ ತಂಬಾಕು ವ್ಯಾಪಾರಿಯೊಬ್ಬರ ಬಂಗಲೆಯ ಅಂಗಳದಲ್ಲಿ ತೆಗೆದ ಫೋಟೋ ಅದು. ಅಲ್ಲಿಂದ ಇಲ್ಲಿಯ ತನಕ ಅದರ ಪ್ರತಿ ಹಾಕಿಸುತ್ತಲೇ ಬಂದಿದ್ದಾರೆ. ಚಿಕ್ಕೋಡಿ, ಅಂಕಲಿ, ಕಬ್ಬೂರಿನ ಎಷ್ಟೋ ಮುಸಲ್ಮಾನ ಮನೆಗಳ ಕಪಾಟಿನಲ್ಲಿ ಆ ಹೂವು ಬಾಡದೆ ಕೂತಿದೆ.

ಅದನ್ನು ಅಲಂಕಾರಕ್ಕೆಂದು ಅಂಟಿಸಿದ್ದಲ್ಲ. ಜಲ್ವಾ ಇರಬೇಕಾದ ಜಾಗ ಅದು. ನಿಕಾಹ್ ಮುಗಿದ ಮೇಲೆ ಮದುಮಗನನ್ನು ಹೆಂಗಸರ ಕಡೆಗೆ ಕರೆದೊಯ್ದು, ಮದುಮಗಳ ಪಕ್ಕ ಕೂರಿಸಿ, ಇಬ್ಬರ ತಲೆಯ ಮೇಲೂ ಒಂದೇ ಕೆಂಪು ಓಢಣಿ ಹೊದಿಸಿ, ಮುಂದೆ ಒಂದು ಕನ್ನಡಿ ಹಿಡಿಯುತ್ತಾರೆ. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ಮೊದಲ ಸಲ ನೋಡುವುದು ಆ ಕನ್ನಡಿಯಲ್ಲಿ. ಈಗಿನವರು ವಿಡಿಯೋ ಕಾಲಿನಲ್ಲಿ ತಿಂಗಳುಗಟ್ಟಲೆ ನೋಡಿರುತ್ತಾರೆ, ಆ ಮಾತು ಬೇರೆ. ಆದರೂ ಓಢಣಿಯ ಕೆಳಗೆ ಹೋದ ಕೂಡಲೇ ಇಬ್ಬರಿಗೂ ಬೆವರು ಕಿತ್ತುಕೊಂಡು ಬರುತ್ತದೆ. ಇಡೀ ಮದುವೆಯಲ್ಲಿ ಅಷ್ಟು ಚೆಂದದ ಗಳಿಗೆ ಇನ್ನೊಂದಿಲ್ಲ. ಆ ಗಳಿಗೆಯಲ್ಲಿ ಫಕ್ರುದ್ದೀನರು ಕೊರಳಲ್ಲಿ ಭಾರದ ಕ್ಯಾಮೆರಾ ತೂಗುಹಾಕಿಕೊಂಡು, ಪರದೆಯ ಈಚೆ ನಿಂತು, ಒಳಗಿನ ನಗು ಕೇಳುತ್ತಿದ್ದರು. ಪರಗಂಡಸು ಒಳಗೆ ಕಾಲಿಡುವಂತಿಲ್ಲ. ಹಾಗಾಗಿ ಗುಲಾಬಿ.

ಈಗ ಎಲ್ಲರ ಕೈಯಲ್ಲೂ ಫೋನು ಇದೆಯಲ್ಲ, ಹೆಂಗಸರೇ ತೆಗೆದುಕೊಳ್ಳಬಹುದಲ್ಲ ಎಂದು ನೀವು ಕೇಳಬಹುದು. ತೆಗೆಯುತ್ತಾರೆ. ಹತ್ತು ಮಂದಿ ಹತ್ತು ಕಡೆಯಿಂದ ಟಾರ್ಚು ಹಾಕಿ ತೆಗೆಯುತ್ತಾರೆ. ಕನ್ನಡಿಯಲ್ಲಿ ಟಾರ್ಚು, ಟಾರ್ಚಿನ ಹಿಂದೆ ಮೆಹಂದಿ ಹಚ್ಚಿದ ಯಾರದೋ ಕೈ, ಒಂದು ಮೂಲೆಯಲ್ಲಿ ಮದುಮಗನ ಅರ್ಧ ಮೂಗು. ಅದನ್ನು ಆಲ್ಬಮ್ಮಿಗೆ ಹಾಕಿ ಎಂದು ಯಾರೂ ತಂದುಕೊಟ್ಟಿಲ್ಲ.

ಫಕ್ರುದ್ದೀನರ ಮನೆಗೆ ಗುಲನಾಜ ಸೊಸೆಯಾಗಿ ಬಂದದ್ದು ಕಾಗವಾಡದಿಂದ. ಗಂಡ ಆಸಿಫ ಸರ್ಕಾರಿ ಬಸ್ಸಿನ ಡ್ರೈವರ್, ಚಿಕ್ಕೋಡಿಯಿಂದ ಕೊಲ್ಲಾಪುರಕ್ಕೆ ಹೋಗಿ ಬರುವವನು. ಅವನಿಗೆ ಅಪ್ಪನ ಸ್ಟುಡಿಯೋ ಕೆಲಸ ಎಂದೂ ಹಿಡಿಸಲಿಲ್ಲ. ಹಿಡಿಸಿದ್ದು ಸೊಸೆಗೆ. ಬಂದ ಹೊಸತರಲ್ಲಿ ಅವಳು ಮಾವನಿಗೆ ಚಹಾ ಕೊಡುವ ನೆಪದಲ್ಲಿ ಅಂಗಡಿಗೆ ಬರುತ್ತಿದ್ದಳು. ಆಮೇಲೆ ಕಂಪ್ಯೂಟರಿನ ಮುಂದೆ ಕೂತು ಫೋಟೋ ತಿದ್ದುವುದು ಕಲಿತಳು. ಆಮೇಲೆ ಪಾಸ್‌ಪೋರ್ಟ್ ಫೋಟೋಗೆ ಬಂದ ಹೆಂಗಸರೆಲ್ಲ "ಸೊಸಿ ಇದ್ರ ಆಕಿನ್ನ ಕರೀರಿ" ಎನ್ನತೊಡಗಿದರು. ಫಕ್ರುದ್ದೀನರು ಮೇಲೆ ಗೊಣಗಿದರೂ ಒಳಗೊಳಗೆ ಹಿಗ್ಗಿದರು. ಮೆಚ್ಚಿದ್ದನ್ನು ಬಾಯಿಬಿಟ್ಟು ಹೇಳುವ ಜಾಯಮಾನ ಅವರದಲ್ಲ.

ಒಂದು ದಿನ ಆಸಿಫ ಕೊಲ್ಲಾಪುರದಿಂದ ಬರುವಾಗ ಊಟದ ಡಬ್ಬಿಯ ಚೀಲದಲ್ಲಿ ಒಂದು ಕ್ಯಾಮೆರಾ ಇಟ್ಟುಕೊಂಡು ಬಂದ. ಯೂಟ್ಯೂಬಿನಲ್ಲಿ ಹೆಸರು ಮಾಡುತ್ತೇನೆಂದು ಹೊರಟು ಬೇಸತ್ತ ಹುಡುಗನೊಬ್ಬ ಮಾರಿದ್ದು. ಮಿರರ್‌ಲೆಸ್ ಜಾತಿಯದು, ಅಂಗೈಯಲ್ಲಿ ಕೂರುವಷ್ಟು ಸಣ್ಣದು. ಹಿಂದಿನ ಪರದೆಯನ್ನು ಮೇಲಕ್ಕೆ ಮಡಚಿ, ಬಾವಿಗೆ ಇಣುಕಿದ ಹಾಗೆ ಮೇಲಿನಿಂದ ನೋಡಿಕೊಂಡು ಫೋಟೋ ತೆಗೆಯಬಹುದು. ಬೇಕೆಂದರೆ ಚಕ್ ಎನ್ನುವ ಸದ್ದನ್ನೂ ಬಂದ್ ಮಾಡಬಹುದು. ಅದಕ್ಕೊಂದು ಗಿಡ್ಡ ಲೆನ್ಸು, ಹತ್ತಿರ ದೂರ ಮಾಡಲು ಬರುವುದಿಲ್ಲ, ಆದರೆ ಮಬ್ಬು ಬೆಳಕಿನಲ್ಲೂ ಕಣ್ಣು ಕಾಣುವಂಥದ್ದು.

ಫಕ್ರುದ್ದೀನರು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ನೋಡಿದರು.

"ಇದೇನ ಕ್ಯಾಮೆರಾನೋ, ಸಾಬಾಣದ ಡಬ್ಬಿನೋ? ಮದವಿ ಮನ್ಯಾಗ ಫೋಟೋಗ್ರಾಫರ್ ಬಂದಾನ ಅಂದ್ರ ಮಂದಿಗೆ ಕಾಣಬೇಕ. ಇದನ್ನ ಹಿಡ್ಕೊಂಡ ಹೋದ್ರ ಊಟಕ್ಕ ಬಂದಾಕಿ ಅಂತ ತಿಳೀತಾರ."

"ಅದ ಚಲೋ ಅಲ್ಲೇನ ಅಬ್ಬಾ?" ಎಂದಳು ಗುಲನಾಜ. "ಊಟಕ್ಕ ಬಂದಾಕಿ ಅಂತ ತಿಳದ್ರ ಯಾರೂ ಮಾರಿ ಬಿಗಿ ಹಿಡಿಯೂದಿಲ್ಲ."

ಸೊಸೆಯ ಮಾತು ಸರಿ ಅನಿಸಿದಾಗಲೆಲ್ಲ ಫಕ್ರುದ್ದೀನರು ಚಷ್ಮಾ ಒರೆಸುತ್ತಾರೆ. ಒರೆಸಿದರು.

ಆ ಕ್ಯಾಮೆರಾ ಬಂದ ದಿನದಿಂದ ಗುಲನಾಜಳ ತಲೆಯೊಳಗೆ ಜಲ್ವಾ ಹೊಕ್ಕು ಕೂತಿತು. ಮಾವ ಹೋಗಲಾಗದ ಜಾಗಕ್ಕೆ ತಾನು ಹೋಗಬಲ್ಲಳು. ಆ ಗುಲಾಬಿಯ ಪುಟಕ್ಕೆ ಮನುಷ್ಯರನ್ನು ತರಬಲ್ಲಳು. ಮೊದಲ ಅವಕಾಶ ರಾಯಬಾಗದ ಒಂದು ಮದುವೆಯಲ್ಲಿ ಸಿಕ್ಕಿತು, ಮತ್ತು ಅಲ್ಲಿ ಅವಳ ಮಾನ ಹೋಯಿತು. ಮೊದಲು ಮಾವನ ಫ್ಲ್ಯಾಶ್ ಸಿಕ್ಕಿಸಿಕೊಂಡು ತೆಗೆದಳು. ಕನ್ನಡಿಯ ತುಂಬ ಬಿಳಿ ಉಂಡೆ, ಮದುಮಗಳ ಕಣ್ಣು ಮುಚ್ಚಿತ್ತು. ಗಾಬರಿಯಾಗಿ ಫ್ಲ್ಯಾಶ್ ಕಿತ್ತು ತೆಗೆದಳು. ಈ ಸಲ ಕನ್ನಡಿಯ ಚೌಕಟ್ಟಿನ ಹೂಬಳ್ಳಿ ಒಂದೊಂದು ಎಸಳೂ ಎಣಿಸುವಷ್ಟು ಸ್ಪಷ್ಟವಾಗಿ ಬಂತು, ಒಳಗಿನ ಎರಡು ಮುಖಗಳು ಮಾತ್ರ ಕಲಸಿಹೋಗಿದ್ದವು. ಅದರ ಮೇಲೆ ಇಬ್ಬರೂ ಟೊಮೇಟೊ ಕೆಂಪು. ಕೆಂಪು ಓಢಣಿಯೊಳಗೆ ಇಳಿದ ಬೆಳಕು ಇನ್ನೇನು ಹಸಿರು ಆಗುತ್ತದೆಯೇ?

"ಕನ್ನಡಿ ಮಾರೂದೈತಿ ಅಂತ ಜಾಹೀರಾತ ಕೊಡಾಕ ಅಡ್ಡಿ ಇಲ್ಲ" ಎಂದರು ಫಕ್ರುದ್ದೀನರು. ಡ್ರಾವರ್ ಎಳೆದು ಗುಲಾಬಿ ತೆಗೆದು ಅಂಟಿಸಿದರು. ಆ ಡ್ರಾವರ್ ಎಳೆದ ಸದ್ದು ಗುಲನಾಜಳ ಕಿವಿಯಲ್ಲಿ ಕೂತುಬಿಟ್ಟಿತು. ಅವಳು ಅಡುಗೆಮನೆಗೆ ಹೋಗಿ ತೊಳೆದಿಟ್ಟ ಪಾತ್ರೆಗಳನ್ನೆಲ್ಲ ಮತ್ತೆ ತಿಕ್ಕಿದಳು.

ಇಷ್ಟೇ ಆಗಿದ್ದರೆ ಮತ್ತೊಂದು ಮದುವೆಗೆ ಕಾಯಬಹುದಿತ್ತು. ಆದರೆ ಆ ಹೊತ್ತಿಗೆ ಫಕ್ರುದ್ದೀನರ ಕೈ ನಡುಗಲು ಶುರುವಾಗಿತ್ತು. ಪಕ್ಕದ ಮೊಬೈಲ್ ಅಂಗಡಿಯ ಕುಣಾಲ, ಒಳ್ಳೆಯ ಹುಡುಗನೇ, ಬಂದು ನಮ್ರವಾಗಿ ಕೇಳಿದ್ದ. "ಚಾಚಾ, ನೀವು ಅಂಗಡಿ ಬಿಡೂದಿದ್ರ ನನಗ ಹೇಳ್ರಿ. ಮೊಬೈಲ್ ಕವರ್ ಇಡಾಕ ಜಾಗಾ ಸಾಲವಲ್ದು." ಗಂಡಸರ ಕಡೆಯ ಫೋಟೋ ತೆಗೆಯಲು ಊರಿನಲ್ಲಿ ಈಗ ಡ್ರೋನ್ ಹಾರಿಸುವ ಹುಡುಗರೇ ಬೇಕಾದಷ್ಟಿದ್ದಾರೆ. ನಡುಗುವ ಕೈಯ ಮುದುಕನನ್ನು ಯಾರು ಕರೆಯುತ್ತಾರೆ?

ಅದೇ ವಾರ ಅಂಕಲಿಯಿಂದ ಹಳೆಯ ಗಿರಾಕಿ ಹೆಂಗಸೊಬ್ಬರು ಬಂದರು. ಮಗಳು ಸುಮಯ್ಯಾಳ ಮದುವೆ. ಅವರ ಮದುವೆಯ ಆಲ್ಬಮ್ ಮಾಡಿದ್ದೂ ಫಕ್ರುದ್ದೀನರೇ. ಕೂತವರು ಸುಮ್ಮನೆ ಒಂದು ಮಾತು ಹೇಳಿದರು.

"ನನ್ನ ಆಲ್ಬಮ್ಮಿನ್ಯಾಗ ಗುಲಾಬಿ ಐತಿ. ಸುಮಯ್ಯಾ ಸಣ್ಣಾಕಿ ಇದ್ದಾಗಿಂದ ಕೇಳ್ತಾಳ, ಅಮ್ಮಾ ಇಲ್ಲೆ ನೀ ಎಲ್ಲದಿ ಅಂತ. ಆಕಿ ಮಕ್ಕಳು ಹಂಗ ಕೇಳೂದ ಬ್ಯಾಡ ಅಂತಾಳ."

ಗುಲನಾಜ ಒಳಗಿನಿಂದ ಬಂದು, ಮಾವ ಬಾಯಿ ತೆರೆಯುವ ಮೊದಲೇ, "ನಾ ತಗೀತೇನ್ರಿ ಜಲ್ವಾ" ಎಂದುಬಿಟ್ಟಳು. ರಾಯಬಾಗದ ಕಥೆ ಗೊತ್ತಿದ್ದೂ ಹಾಗೆ ಹೇಳಲು ಎಷ್ಟು ಎದೆ ಬೇಕು, ಯೋಚಿಸಿ.

ಅವರು ಹೋದ ಮೇಲೆ ಫಕ್ರುದ್ದೀನರು ಅಂಗಡಿಯ ಬಾಗಿಲಲ್ಲೇ ನಿಂತು ಹೇಳಿದರು. "ಗುಲನಾಜ, ಒಂದ ಮಾತ. ಈ ಆಲ್ಬಮ್ಮಿಗೂ ನಾ ಗುಲಾಬಿ ಹಚ್ಚೂ ಪಾಳಿ ಬಂತಂದ್ರ ಕುಣಾಲಗ ಹೂಂ ಅಂತೇನಿ. ಜಲ್ವಾ ಬಂತಂದ್ರ ಅಂಗಡಿ ನಿಂದ." ಅವರು ಸಿಟ್ಟಿನಿಂದ ಹೇಳಿದ್ದಲ್ಲ, ದಣಿದು ಹೇಳಿದ್ದು. ಅದು ಗುಲನಾಜಳಿಗೆ ಇನ್ನೂ ಹೆಚ್ಚು ನಾಟಿತು.

ಮರುದಿನದಿಂದ ಮನೆಯ ಹಿಂದಿನ ಕೋಣೆಯಲ್ಲಿ ತಾಲೀಮು ಶುರು. ಮದುಮಗಳು ಯಾರೆಂದರೆ ಅತ್ತೆ ಶಹಜಾದಬಿ. ಮದುಮಗ ಸಿಗಬೇಕಲ್ಲ? ಆಸಿಫ ಬಸ್ಸಿನ ಮೇಲಿದ್ದ. ಹಿತ್ತಾಳೆಯ ಕೊಡವನ್ನು ಕುರ್ಚಿಯ ಮೇಲೆ ಇಟ್ಟು ಅದಕ್ಕೆ ಫಕ್ರುದ್ದೀನರ ಜುಮ್ಮಾ ನಮಾಜಿನ ಟೋಪಿ ಹಾಕಿದರು. ಸ್ಟುಡಿಯೋದ ಹಳೆಯ ಕೆಂಪು ಪರದೆ ಇಬ್ಬರ ಮೇಲೆ. ಶಹಜಾದಬಿ ಕನ್ನಡಿ ಹಿಡಿದುಕೊಂಡು ಕೊಡದ ಕಡೆಗೆ ನಾಚುತ್ತಾ ಕೂತರು. ಈ ವಯಸ್ಸಿನಲ್ಲಿ ನಾಚಲು ಸಿಕ್ಕಿದ್ದೇ ಅವರಿಗೆ ಹಬ್ಬವಾಗಿತ್ತು.

ಗುಲನಾಜ ಕ್ಯಾಮೆರಾವನ್ನು ಹಿಂದಿನಿಂದ, ಇಬ್ಬರ ಹೆಗಲ ನಡುವಿನ ಸಂದಿಯಲ್ಲಿ ತೂರಿಸಿ, ಅದರ ಬೆನ್ನಿನ ಸಣ್ಣ ಪರದೆಯನ್ನು ಮೇಲಕ್ಕೆ ಮಡಚಿ ನೋಡಿದಳು. ಸಣ್ಣದಾದ್ದರಿಂದ ಸಲೀಸಾಗಿ ಹೋಯಿತು, ಗಲ್ಲದ ಕೆಳಗೆ ಇದ್ದುದರಿಂದ ಕನ್ನಡಿಯಲ್ಲಿ ಅದು ಕಾಣಲೂ ಇಲ್ಲ. ಆದರೆ ಮತ್ತೆ ಅದೇ ಹಣೆಬರಹ. ಚೌಕಟ್ಟು ಸ್ಪಷ್ಟ, ಮುಖ ಮಂಜು. ಮತ್ತೆ ತೆಗೆದಳು, ಮತ್ತೆ ಮಂಜು.

"ಅಮ್ಮಿ, ಈ ಕ್ಯಾಮೆರಾಕ್ಕ ನಿಮ್ಮ ಮಾರಿ ಕಾಣಸವಲ್ದು. ಚೌಕಟ್ಟ ಅಷ್ಟ ಕಾಣಸತೈತಿ."

"ನನಗ ಅದರ ಉಲ್ಟಾ ನೋಡ" ಎಂದರು ಶಹಜಾದಬಿ, ಕನ್ನಡಿಯಲ್ಲಿ ಮೂಗುಬೊಟ್ಟು ಸರಿಮಾಡಿಕೊಳ್ಳುತ್ತಾ. "ಚಷ್ಮಾ ತಗದ್ರ ನನಗ ಚೌಕಟ್ಟ ಮಂಜ ಮಂಜ. ಒಳಗಿನ ಮಾರಿ ಚಲೋ ಕಾಣತೈತಿ."

ಗುಲನಾಜ ಬಗ್ಗಿ ಕನ್ನಡಿ ನೋಡಿದಳು. ಅತ್ತೆಗೆ ಹತ್ತಿರದ್ದು ಕಾಣುವುದಿಲ್ಲ, ದೂರದ್ದು ಕಾಣುತ್ತದೆ. ಹಾಗಾದರೆ ಕನ್ನಡಿಯೊಳಗಿನ ಮುಖ ಚೌಕಟ್ಟಿಗಿಂತ ದೂರ ಇದೆ! ಮುಖದಿಂದ ಕನ್ನಡಿ ಎಷ್ಟು ದೂರವೋ, ಕನ್ನಡಿಯಿಂದ ಒಳಕ್ಕೆ ಮತ್ತೆ ಅಷ್ಟೇ ದೂರ. ಪೆದ್ದು ಕ್ಯಾಮೆರಾ ಮೊದಲು ಕೈಗೆ ಸಿಕ್ಕಿದ ಚೌಕಟ್ಟನ್ನೇ ಹಿಡಿದುಕೊಂಡು ಕೂತಿತ್ತು. ಅವಳು ಅದರ ತಾನಾಗಿ ಹಿಡಿಯುವ ಬುದ್ಧಿಯನ್ನು ಬಂದ್ ಮಾಡಿ, ಲೆನ್ಸಿನ ಬಳೆಯನ್ನು ಕೈಯಿಂದಲೇ ನಿಧಾನ ತಿರುಗಿಸಿದಳು. ಚೌಕಟ್ಟು ಕರಗುತ್ತಾ ಹೋಯಿತು. ಒಳಗಿನಿಂದ ಶಹಜಾದಬಿಯ ಮುಖ ಮೇಲೆದ್ದು ಬಂತು. ರೆಪ್ಪೆಯ ಅಂಚಿನಲ್ಲಿ ಹಳದಿ ಗೆರೆ ಮಿನುಗಿತು, ಸರಿಯಾಗಿ ಕೂತಿತು ಎಂದು ಹೇಳಲು ಆ ಕ್ಯಾಮೆರಾದಲ್ಲಿರುವ ಗುರುತು ಅದು.

"ಬಂತ ಅಮ್ಮಿ! ಬಂತ!" ಎಂದು ಅವಳು ಅತ್ತೆಯನ್ನು ಹಿಂದಿನಿಂದಲೇ ತಬ್ಬಿಕೊಂಡಳು. ಕೊಡ ಉರುಳಿ ದಡಾರ್ ಎಂದಿತು. ಅದೇ ಹೊತ್ತಿಗೆ ಊಟಕ್ಕೆ ಬಂದ ಫಕ್ರುದ್ದೀನರು ಬಾಗಿಲಲ್ಲಿ ನಿಂತು, ಕೆಂಪು ಪರದೆಯಡಿ ಕೂತ ಹೆಂಡತಿಯನ್ನೂ ತಮ್ಮ ಟೋಪಿ ಹಾಕಿಕೊಂಡು ನೆಲದ ಮೇಲೆ ಹೊರಳುತ್ತಿದ್ದ ಕೊಡವನ್ನೂ ನೋಡಿದರು. ಟೋಪಿ ಎತ್ತಿಕೊಂಡು, ಝಾಡಿಸಿ, ಹೊರಗೆ ಹೋದರು.

ಮುಖ ಸಿಕ್ಕಿತು. ಆದರೆ ಕೆಂಪು ಹೋಗಲಿಲ್ಲ. ಕಂಪ್ಯೂಟರಿನಲ್ಲಿ ಕೆಂಪು ತೆಗೆಯಲು ಹೋದರೆ ಮುಖ ಬೂದಿ ಬಣ್ಣಕ್ಕೆ ತಿರುಗುತ್ತಿತ್ತು. ಮದುವೆಯ ಹಿಂದಿನ ದಿನ ಗುಲನಾಜ ಅಂಕಲಿಗೆ ಹೋಗಿ ಜಲ್ವಾ ನಡೆಯುವ ಕೋಣೆ ನೋಡಿ ಬಂದಳು. ಹೊಳೆಯ ಕಡೆಯ ಹಳೆಯ ಮಣ್ಣಿನ ಮನೆ, ದಪ್ಪ ಗೋಡೆ, ಕಿಟಕಿ ಇಲ್ಲ. ಮಾಳಿಗೆಯಲ್ಲಿ ಒಂದು ಬೆಳಕಿಂಡಿ, ಅಷ್ಟೇ. ಅದರಿಂದ ಇಳಿದ ಬಿಸಿಲು ನೆಲದ ಮೇಲೆ ಚೌಕಾಕಾರವಾಗಿ ಬಿದ್ದಿತ್ತು. ಅವಳು ಅಂಜುತ್ತಲೇ ಕೇಳಿದಳು.

"ನಾಳೆ ಓಢಣಿ ಕೆಂಪ ಬದಲಿ ಬಿಳೇದ ಹಾಕಿದ್ರ ಆಗೂದಿಲ್ಲೇನ್ರಿ? ಫೋಟೋಕ್ಕ ಚಲೋ ಆಗ್ತಿತ್ತ."

ಮೂಲೆಯ ಹೊರಸಿನ ಮೇಲೆ ಕೂತಿದ್ದ ಸುಮಯ್ಯಾಳ ಅಜ್ಜಿ, ಮನೆಯವರೆಲ್ಲ ದಾದಿ ಎನ್ನುವ ಹಿರಿಜೀವ, ತಸಬಿಯ ಮಣಿ ಎಣಿಸುವುದನ್ನು ನಿಲ್ಲಿಸಿದರು.

"ಏನಂದಿ? ಬಿಳೇದ? ಮದಿಮಗಳಿಗೆ ಕಫನ್ ಹೊಚ್ಚಾಕ ಬಂದೀಯೇನ ಬೇ? ಯಾರಲೇ ಈಕಿನ್ನ ಒಳಗ ಬಿಟ್ಟಾವ್ರ!"

ಹೆಣದ ಮೇಲಿನ ಬಟ್ಟೆಯ ಬಣ್ಣ ಅದು. ಗುಲನಾಜಳಿಗೆ ಅದು ಹೊಳೆಯದೇ ಹೋದದ್ದು ತಪ್ಪೇ. ತಲೆಯ ತುಂಬ ಬೆಳಕು ಒಂದೇ ಇದ್ದಾಗ ಮನುಷ್ಯರಿಗೆ ಬೇರೇನೂ ಹೊಳೆಯುವುದಿಲ್ಲ. ಅವಳು ನಾಲಿಗೆ ಕಚ್ಚಿಕೊಂಡು, ದಾದಿಯ ಕಾಲ ಬಳಿ ಕೂತು ಮಾಫಿ ಕೇಳಿದಳು. ದಾದಿ ಮಾಫ್ ಮಾಡಿದರೋ ಇಲ್ಲವೋ ತಿಳಿಯಲಿಲ್ಲ, ಆದರೆ ಕಣ್ಣು ಅವಳ ಮೇಲಿನಿಂದ ಕೀಳಲಿಲ್ಲ.

ಮದುವೆಯ ದಿನ ಮಸೀದಿಯಲ್ಲಿ ನಿಕಾಹ್ ಆಯಿತು. ಗಂಡಸರ ಕಡೆಯ ಫೋಟೋ ಫಕ್ರುದ್ದೀನರು ಹೇಗೋ ನಡುಗುವ ಕೈಯಲ್ಲೇ ಮುಗಿಸಿ, ಎಂದಿನಂತೆ ಬಂದು ಪರದೆಯ ಈಚೆ ನಿಂತರು. ಒಳಗೆ ಮದುಮಗನನ್ನು ಕೂರಿಸಿದರು. ಸುಮಯ್ಯಾಳ ಗೆಳತಿಯರು ಅವನ ಚಪ್ಪಲಿ ಬಚ್ಚಿಟ್ಟು, ಕಾಡಿ, ನಗಿಸಿ, ಅರ್ಧ ಅಳಿಸಿ ಬಿಟ್ಟರು. ಕೆಂಪು ಓಢಣಿ ಬಿತ್ತು. ಗುಲನಾಜ ಎಲ್ಲರ ಫೋನಿನ ಟಾರ್ಚು ಆರಿಸುವಂತೆ ಮಾಡಿದಳು. ಅದು ಜಲ್ವಾಕ್ಕಿಂತ ದೊಡ್ಡ ಕೆಲಸವಾಗಿತ್ತು. ಸದ್ದು ಬಂದ್ ಮಾಡಿದ ಕ್ಯಾಮೆರಾವನ್ನು ಹೆಗಲ ಸಂದಿಯಲ್ಲಿ ತೂರಿಸಿ ಬಳೆ ತಿರುಗಿಸಿದಳು. ರೆಪ್ಪೆಯ ಮೇಲೆ ಹಳದಿ ಗೆರೆ ಬಂತು. ಮುಖ ಮಾತ್ರ ಕೆಂಪು ಕೆಂಪು, ಕುದಿಯುವ ಸಾರಿನಲ್ಲಿ ಅದ್ದಿ ತೆಗೆದ ಹಾಗೆ. ಪರದೆಯಾಚೆ ಮಾವ ನಿಂತಿದ್ದಾರೆ. ಡ್ರಾವರಿನಲ್ಲಿ ಗುಲಾಬಿ ಇದೆ.

ಅಷ್ಟರಲ್ಲಿ ದಾದಿ ಎದ್ದು ಬಂದರು. ಈ ಹುಡುಗಿ ಕಡೆ ಗಳಿಗೆಯಲ್ಲಿ ಬಿಳಿ ಬಟ್ಟೆ ಎಲ್ಲಿ ತೂರಿಸಿಬಿಡುತ್ತಾಳೋ ಎಂದು ಅವರಿಗೆ ಗುಮಾನಿ. ಕಾವಲು ಕಾಯಲು ಬೇರೆ ಯಾರನ್ನೂ ನಂಬದೆ ತಾವೇ ಬಂದು, ಓಢಣಿಯ ಮುಂದಿನ ಬಾಯಿಗೆ ಎದುರಾಗಿ, ಕನ್ನಡಿಯ ಆಚೆ ಮಂಡಿ ಊರಿ ಕೂತರು. ಕೂತದ್ದು ಬೆಳಕಿಂಡಿಯಿಂದ ಬಿದ್ದ ಬಿಸಿಲಿನ ಚೌಕದಲ್ಲಿ. ಮೈಮೇಲೆ ಇದ್ದದ್ದು, ಗಂಡ ತೀರಿಕೊಂಡ ದಿನದಿಂದ ಉಡುತ್ತಾ ಬಂದ ಬಿಳಿ ಸೀರೆ.

ಗುಲನಾಜಳ ಕೈಯಲ್ಲಿದ್ದ ಸಣ್ಣ ಪರದೆಯ ಮೇಲೆ ಸುಮಯ್ಯಾಳ ಮುಖ ಒಮ್ಮೆಲೇ ತಿಳಿಯಾಯಿತು. ಗೋಧಿ ಬಣ್ಣದ ಕೆನ್ನೆ, ಕಾಡಿಗೆ, ಮೂಗಿನ ನತ್ತು, ಎಲ್ಲವೂ ಅವುಗಳ ಬಣ್ಣಕ್ಕೆ ಬಂದವು. ಓಢಣಿಯ ಕೆಂಪು ಅಂಚಿನಲ್ಲಿ ಮಾತ್ರ ಉಳಿಯಿತು, ಎಷ್ಟು ಬೇಕೋ ಅಷ್ಟೇ. ಅವಳು ತಲೆ ಎತ್ತಿ ನೋಡಿದಳು. ದಾದಿಯ ಮಡಿಲ ಮೇಲೆ ಬಿಸಿಲು ಬಿದ್ದು, ಬಿಳಿ ಸೀರೆಯಿಂದ ಪುಟಿದು, ಮೊಮ್ಮಗಳ ಮುಖಕ್ಕೆ ಹೋಗುತ್ತಿತ್ತು.

ಅಲ್ಲಿಗೆ ಮುಗಿಯಲಿಲ್ಲ. ಯಾರೋ ಶರಬತ್ತಿನ ಗ್ಲಾಸು ಚೆಲ್ಲಿದರು. ದಾದಿ ಬೈಯಲು ಎದ್ದರು. ಸುಮಯ್ಯಾ ಮತ್ತೆ ಟೊಮೇಟೊ.

"ದಾದಿ! ದಾದಿ, ಏಳಬ್ಯಾಡ್ರಿ!" ಗುಲನಾಜ ಹೆಚ್ಚುಕಡಿಮೆ ಕೂಗಿದಳು. "ನೀವ ಅಲ್ಲೆ ಕುಂತ್ರನ ಸುಮಯ್ಯಾನ ಮಾರಿ ಬೆಳಗತೈತಿ. ನಿಮ್ಮ ಕಾಲಿಗೆ ಬೀಳತೇನಿ, ಕುಂದರ್ರಿ."

ದಾದಿ ನಿಂತಲ್ಲೇ ಅವಳನ್ನು ನೋಡಿದರು, ತಮ್ಮ ಸೀರೆ ನೋಡಿಕೊಂಡರು, ಮೊಮ್ಮಗಳನ್ನು ನೋಡಿದರು. ಅರ್ಥವಾಯಿತೋ ಬಿಟ್ಟಿತೋ, ಬೈಗುಳ ನುಂಗಿಕೊಂಡು ಮತ್ತೆ ಬಿಸಿಲಿನಲ್ಲಿ ಕೂತರು. ಸೆರಗನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದರು, ಮಕ್ಕಳ ತಲೆ ಒರೆಸಲು ಹಿಡಿಯುವ ಹಾಗೆ. ಬೆಳಕು ಇನ್ನೂ ಏರಿತು.

"ಹೂಂ, ತಗೀ ಬೇ ಈಗ" ಎಂದರು. "ನನ್ನ ಮಣಕಾಲ ನೋಯತಾವ."

ಅದು ಕೇಳಿ ಮದುಮಗನಿಗೆ ನಗು ತಡೆಯಲಾಗಲಿಲ್ಲ. ಕನ್ನಡಿಯಲ್ಲಿ ಅವನ ನಗು ಕಂಡು ಸುಮಯ್ಯಾ ತಗ್ಗಿಸಿದ್ದ ಕಣ್ಣು ಎತ್ತಿದಳು. ಒಂದು ಕ್ಷಣ ಇಬ್ಬರೂ ಬೇರೆ ಯಾರೂ ಇಲ್ಲವೆಂಬಂತೆ ಒಬ್ಬರನ್ನೊಬ್ಬರು ನೋಡಿದರು. ಸದ್ದಿಲ್ಲ, ಫ್ಲ್ಯಾಶ್ ಇಲ್ಲ. ಗುಲನಾಜಳ ಬೆರಳು ತನ್ನ ಕೆಲಸ ಮಾಡಿತು. ತೆಗೆದದ್ದು ಆ ಇಬ್ಬರಿಗೂ ಗೊತ್ತಾಗಲಿಲ್ಲ.

ಪ್ರಿಂಟು ಬಂದ ದಿನ ಫಕ್ರುದ್ದೀನರು ಅಂಗಡಿಯಲ್ಲಿ ಆಲ್ಬಮ್ ಕಟ್ಟುತ್ತಾ ಕೂತಿದ್ದರು. ಕುಣಾಲ ಬಾಗಿಲಲ್ಲಿ ಅಳತೆಯ ಟೇಪು ಹಿಡಿದು ನಿಂತಿದ್ದ, ಸುಮ್ಮನೆ ಒಂದು ಅಂದಾಜಿಗೆ ಎಂದು ಹೇಳುತ್ತಾ. ನಡುವಿನ ಪುಟ ಬರುತ್ತಲೇ ಫಕ್ರುದ್ದೀನರ ಕೈ ಅಭ್ಯಾಸಬಲದಿಂದ ಡ್ರಾವರಿಗೆ ಹೋಯಿತು. ಗುಲಾಬಿ ತೆಗೆದು ಬೆನ್ನಿಗೆ ಅಂಟು ಸವರಿದರು.

"ಅಬ್ಬಾ" ಎಂದು ಗುಲನಾಜ ಒಂದು ಪ್ರಿಂಟು ಮುಂದೆ ಹಿಡಿದಳು.

ಫಕ್ರುದ್ದೀನರು ತಟ್ಟನೆ ಮುಖ ತಿರುಗಿಸಿದರು. ಆಯುಷ್ಯವಿಡೀ ಪರದೆಯ ಈಚೆ ನಿಂತ ಮನುಷ್ಯ, ಒಳಗಿನದನ್ನು ನೋಡಬಾರದು ಎಂದು ಕುತ್ತಿಗೆಗೇ ಗೊತ್ತಿತ್ತು.

"ನೋಡ್ರಿ ಅಬ್ಬಾ. ದಾದಿ ತಾವ ಹೇಳ್ಯಾರ, ಫಕ್ರುದ್ದೀನಗ ಮೊದಲ ತೋರಸ, ಆಮ್ಯಾಲ ನಮಗ ಕೊಡ ಅಂತ. ಸುಮಯ್ಯಾನೂ ಹೂಂ ಅಂದಾಳ."

ಕುಣಾಲ ಸೂಕ್ಷ್ಮದ ಹುಡುಗ, ರಸ್ತೆಯ ಕಡೆ ತಿರುಗಿ ನಿಂತ. ಫಕ್ರುದ್ದೀನರು ಪ್ರಿಂಟು ತೆಗೆದುಕೊಂಡರು. ಬಹಳ ಹೊತ್ತು ನೋಡಿದರು. ಚಷ್ಮಾ ತೆಗೆದು ಒರೆಸಿ ಮತ್ತೆ ನೋಡಿದರು.

"ಫ್ಲ್ಯಾಶ್ ಎಲ್ಲಿಂದ ಹೊಡದಿ?"

"ಹೊಡದಿಲ್ಲ ಅಬ್ಬಾ."

"ಮತ್ತ ಬೆಳಕ?"

"ದಾದಿ ಸೀರಿದ."

ಫಕ್ರುದ್ದೀನರು ಪ್ರಿಂಟನ್ನು ಮೇಜಿನ ಮೇಲೆ ಇಟ್ಟು ಅಂಚು ಸವರಿದರು. "ಇಷ್ಟ ವರ್ಷ ಹೊರಗ ನಿಂತ ನಗೀ ಕೇಳೇನಿ" ಎಂದರು. "ನನ್ನ ಜಲ್ವಾದಾಗ ನಾ ತಲಿನ ಎತ್ತಿರಲಿಲ್ಲ. ಒಳಗ ಹಿಂಗ ಇರ್ತಿತ್ತೇನ!"

ಗುಲನಾಜಳ ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲಿಲ್ಲ. ಗೆದ್ದವರ ಕಣ್ಣೀರು ಒರೆಸಿಕೊಳ್ಳಬೇಕಾದದ್ದಲ್ಲ. ಫಕ್ರುದ್ದೀನರು ಅಂಟು ಸವರಿದ ಗುಲಾಬಿಯನ್ನು ಪಕ್ಕಕ್ಕೆ ಸರಿಸಿ, ಜಲ್ವಾವನ್ನು ಪುಟದ ನಡುವೆ ನೇರವಾಗಿ ಕೂರಿಸಿ, ಅಂಗೈಯಿಂದ ಒತ್ತಿದರು. ಆಮೇಲೆ ಬಾಗಿಲ ಕಡೆ ತಿರುಗಿದರು.

"ಕುಣಾಲ, ತಮ್ಮಾ, ಟೇಪ್ ಮಡಚಪಾ. ಅಂಗಡಿ ಮಾಲಕರು ಬದಲಿ ಆಗ್ಯಾರ. ಇನ್ನ ಮ್ಯಾಲ ಏನಿದ್ರೂ ಅವರನ್ನ ಕೇಳ."

"ಭಾಭಿನ್ನ ಕೇಳಿದ್ರ ನನ್ನ ಅಂಗಡೀನೂ ತಾವ ಇಸಕೋತಾರ ಚಾಚಾ" ಎಂದು ಕುಣಾಲ ನಗುತ್ತಾ ಟೇಪು ಸುತ್ತಿ ಜೇಬಿಗೆ ಹಾಕಿಕೊಂಡ.

ಇಂಥ ಫೋಟೋವನ್ನು ಅಂಗಡಿಯ ಗಾಜಿನಲ್ಲಿ ತೂಗುಹಾಕುವಂತಿಲ್ಲ, ಫೋನಿನಲ್ಲಿ ಹರಿಬಿಡುವಂತಿಲ್ಲ. ಆದರೂ ಸುದ್ದಿ ಹರಡಿತು. ಆಲ್ಬಮ್ ಹೆಂಗಸರ ಮಡಿಲಿನಿಂದ ಮಡಿಲಿಗೆ ದಾಟುತ್ತಾ ಅಂಕಲಿ ಬಿಟ್ಟು, ಕಬ್ಬೂರು ದಾಟಿ, ಅಥಣಿಯ ಸಂಬಂಧಿಕರ ತನಕ ಹೋಗಿ ಬಂತು. ದಾದಿ ಬಂದವರಿಗೆಲ್ಲ ಆ ಪುಟ ತೆರೆದು, "ಈ ಬೆಳಕ ನಂದ" ಎನ್ನುತ್ತಿದ್ದರಂತೆ. ಬಿಳಿ ಬಟ್ಟೆಯ ಜಗಳ ಅವರಿಗೆ ಮರೆತೇ ಹೋಗಿತ್ತು.

ಮದುವೆಗಳ ಕರೆ ಬರುವುದು ಗುಲನಾಜ ನಿರೀಕ್ಷಿಸಿದ್ದೇ. ನಿರೀಕ್ಷಿಸದ್ದು ಬೇರೆ ಇತ್ತು. ಮೊದಲು ಬಂದವರು ಸುಮಯ್ಯಾಳ ತಾಯಿ, ಹಳೆಯ ಆಲ್ಬಮ್ ಕಂಕುಳಲ್ಲಿ, ಗಂಡ ಹಿಂದೆ. ಗುಲಾಬಿ ಪುಟ ತೆರೆದು ಮೇಜಿನ ಮೇಲಿಟ್ಟು, "ಇದನ್ನ ತಗದ ನಮ್ಮನ್ನ ಹಚ್ಚ" ಎಂದರು. ಆಮೇಲೆ ಕಬ್ಬೂರಿನ ಒಂದು ಜೋಡಿ. ಗಂಡ ನೆರೆತ ಗಡ್ಡದವನು, ಪಾಸ್‌ಪೋರ್ಟ್ ಫೋಟೋಗೆ ಬಂದವನ ಹಾಗೆ ಬೀದಿಯಲ್ಲಿ ಅತ್ತ ಇತ್ತ ನೋಡಿ ಒಳಗೆ ನುಸುಳಿದ. ಆಮೇಲೆ ಇನ್ನೊಂದು, ಮತ್ತೊಂದು. ಮನೆಯ ಹಿಂದಿನ ಕೋಣೆಯಲ್ಲಿ ಕೆಂಪು ಓಢಣಿ ಕಾಯಂ ಆಯಿತು, ಎದುರಿಗೆ ದಾದಿಯ ಬದಲು ಶಹಜಾದಬಿ ಕಿಟಕಿಯ ಬಿಸಿಲಿಗೆ ಬಿಳಿ ಚಾದರ ಹಿಡಿದು ಕೂರತೊಡಗಿದರು. ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನವರು ಓಢಣಿಯಡಿ ಹೋದ ಕೂಡಲೇ ಹೊಸ ಮದುಮಕ್ಕಳ ಹಾಗೆ ಬೆವರುವುದನ್ನು ನೋಡಿ ಅವರಿಗೆ ನಗು ತಡೆಯುತ್ತಿರಲಿಲ್ಲ. ಡ್ರಾವರಿನಲ್ಲಿ ಕಿತ್ತು ತೆಗೆದ ಗುಲಾಬಿಗಳು ತುಂಬಿಕೊಂಡವು.

ಒಂದು ಶುಕ್ರವಾರ, ನಮಾಜು ಮುಗಿಸಿ ಫಕ್ರುದ್ದೀನರು ಮನೆಗೆ ಬಂದಾಗ ಶಹಜಾದಬಿ ಚಾದರ ಹಿಡಿದು ಕೂತಿರಲಿಲ್ಲ. ಕೆಂಪು ಓಢಣಿಯ ಕೆಳಗೆ ಕೂತಿದ್ದರು. ಪಕ್ಕದ ಜಾಗ ಖಾಲಿ. ಎದುರಿಗೆ ಅವರ ಮದುವೆಯ ಆಲ್ಬಮ್ ತೆರೆದಿತ್ತು. ಅದರ ಪುಟಗಳಿಗೆ ಫೋಟೋ ಹಚ್ಚಿದವರು ಮದುಮಗ ಫಕ್ರುದ್ದೀನರೇ, ನಡುವೆ ಗುಲಾಬಿ ಅಂಟಿಸಿದವರೂ ಅವರೇ.

"ಊರ ಮಂದೀದೆಲ್ಲಾ ಆತ" ಎಂದರು ಶಹಜಾದಬಿ. "ಸ್ಟುಡಿಯೋದವರ ಮನ್ಯಾಗ ಇನ್ನೂ ಹೂವ ಐತಿ. ಬರ್ರಿ. ಇಲ್ಲಾಂದ್ರ ಕೊಡಕ್ಕ ಟೋಪಿ ಹಾಕತೇನಿ."

ಫಕ್ರುದ್ದೀನರು ಕೂತರು. ಅಂದು ರಜೆಯಿದ್ದ ಆಸಿಫ ಎದುರಿಗೆ ಬಿಳಿ ಚಾದರ ಹಿಡಿದ. ಗುಲನಾಜ ಹಿಂದಿನಿಂದ ಕ್ಯಾಮೆರಾ ತೂರಿಸಿದಳು. ಇಡೀ ಬದುಕು ಬೇರೆಯವರಿಗೆ "ರೆಡಿ, ಉಸಿರ ಹಿಡೀರಿ" ಎಂದವರು ಈಗ ತಾವೇ ಉಸಿರು ಹಿಡಿದು, ಎದೆ ಸೆಟೆದು, ಕನ್ನಡಿಯನ್ನೇ ದುರುಗುಟ್ಟಿ ನೋಡುತ್ತಾ ಫ್ಲ್ಯಾಶಿಗಾಗಿ ಕಾದರು. ಫ್ಲ್ಯಾಶ್ ಬರಲಿಲ್ಲ. ಚಕ್ ಎನ್ನುವ ಸದ್ದೂ ಬರಲಿಲ್ಲ. ಎಷ್ಟು ಹೊತ್ತು ಉಸಿರು ಹಿಡಿಯುತ್ತಾರೆ? ಬಿಟ್ಟರು. ಹೆಗಲು ಇಳಿಯಿತು. ಆಗ ಅವರ ಕಣ್ಣು ಕನ್ನಡಿಯ ಇನ್ನೊಂದು ಮಗ್ಗುಲಿಗೆ ಹೋಯಿತು.

ಅಲ್ಲಿ ಶಹಜಾದಬಿ ಮೊದಲಿನಿಂದಲೂ ಅವರನ್ನೇ ನೋಡುತ್ತಿದ್ದರು.

"ಏನ ನೋಡತಿ?" ಎಂದರು ಫಕ್ರುದ್ದೀನರು ಮೆಲ್ಲಗೆ.

"ಕೊಡಕ್ಕಿಂತ ಚಲೋ ಅದೀರಿ" ಎಂದರು ಶಹಜಾದಬಿ.

ಫಕ್ರುದ್ದೀನರು ನಕ್ಕರು. ಹಲ್ಲು ಕಾಣುವ ಹಾಗೆ, ಕಿವಿಯ ತನಕ ಕೆಂಪಾಗಿ ನಕ್ಕರು. ಆಮೇಲೆ ತಾವು ಫೋಟೋಕ್ಕೆ ಕೂತದ್ದು ನೆನಪಾಗಿ ಮತ್ತೆ ಎದೆ ಸೆಟೆದು, ಮುಖ ಗಂಭೀರ ಮಾಡಿಕೊಂಡರು.

"ಹೂಂ, ನಾ ರೆಡಿ ಅದೇನಿ. ಯಾವಾಗ ತಗೀತಿ?"

"ತಗದ ಆತ ಅಬ್ಬಾ" ಎಂದಳು ಗುಲನಾಜ.